ಇಲ್ಲಿ ಪಂಚರ್ ಕಾಕಾ ಇಲ್ಲರೀ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಹೊಸದಾಗಿ ಬಂದ ತಮ್ಮ ತಂಗಿಯರೇ, ಬಂದ 5 ದಿನದೊಳಗೆ ನಗರಸಭೆಯಲ್ಲಿ ಹೆಸರು ಬರೆಸಿ, ಬಿಎಸ್‌ಎನ್ ಎಂಬ ಇಲ್ಲಿನ ಗುರುತಿನ ನಂಬರ್ ತೆಗೆದುಕೊಳ್ಳಿ, ಬ್ಯಾಂಕ್ ಖಾತೆ ತೆರೆಯಿರಿ. ಇದನ್ನೆಲ್ಲ ಆಫೀಸಿನವರು ಹೇಳುತ್ತಾರೆ. ಸೈಕಲ್ ಪಂಚರ್ ವಿಷಯ ಯಾರೂ ಹೇಳುವುದಿಲ್ಲ.

ನನಗೂ ಹೇಳಲಿಲ್ಲ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಅಂತ ಸೈಕಲ್ ಹೊಡೆದು ಬೆಳೆದವನು ನಾನು. ಜಾಲಿ ಮುಳ್ಳು ಚುಚ್ಚಿದರೆ ನಾಲ್ಕು ಹೆಜ್ಜೆ ತಳ್ಳಿದರೆ ಸಾಕು, ಬೇವಿನ ಮರದ ಕೆಳಗೆ ಒಬ್ಬ ಕಾಕಾ ಕೂತಿರುತ್ತಿದ್ದರು. ಅದೇ ಧೈರ್ಯದಲ್ಲಿ ಇಲ್ಲಿಯೂ ಬರಿಗೈಲಿ ಆಫೀಸಿಗೆ ಹೊರಟೆ.

ನವೆಂಬರ್ ಸಂಜೆ, 5:45. ಗಾಜಿನ ಚೂರು, ಹಿಂದಿನ ಗಾಲಿ ಠುಸ್. ಹತ್ತಿರದ ಸೈಕಲ್ ಅಂಗಡಿ ಆಗಲೇ ಬಾಗಿಲು ಹಾಕಿತ್ತು. ರೈಲಿಗೆ ಹೋಗೋಣವೆಂದರೆ, ಕೆಲಸದ ದಿನ ಸಂಜೆ 4ರಿಂದ 6:30ರವರೆಗೆ ಮಡಚದ ಸೈಕಲ್ ಹತ್ತಿಸುವಂತಿಲ್ಲ. ಬೆಳಿಗ್ಗೆ 6:30ರಿಂದ 9ರವರೆಗೂ ಅಷ್ಟೇ. ಪಕ್ಕದ ಬೆಸ್ಟ್ ಎಂಬ ಊರಿನ ನಮ್ಮ ಮನೆ ತನಕ ಮಳೆಯಲ್ಲಿ ತಳ್ಳಿಕೊಂಡು ಬಂದೆ. ಊರಿನ ಹೆಸರು ನೋಡಿ!

ಮರುದಿನ ಪಂಚರ್ ಕಿಟ್ ತಂದೆ. ಬುದ್ಧಿ ಬಂತು ಅಂದುಕೊಂಡಿರಾ? ಎರಡು ವರ್ಷ ಚೀಲದಲ್ಲೇ ಬಿದ್ದಿತ್ತು. ಬೇಕಾದ ದಿನ ತೆಗೆದರೆ ಪ್ಯಾಚ್ ಅಂಟಿಸುವ ಸೊಲ್ಯೂಷನ್ ಒಣಗಿ ಕಲ್ಲಾಗಿತ್ತು. ಒಮ್ಮೆ ಬಿಚ್ಚಿದ ಸೊಲ್ಯೂಷನ್ ಟ್ಯೂಬು ಉಳಿಯುವುದಿಲ್ಲ, ವರ್ಷಕ್ಕೊಮ್ಮೆ ಹೊಸದು ಇಡಿ. ಇನ್ನೊಮ್ಮೆ ಹೊಸ ಟ್ಯೂಬ್ ಹಾಕಿ ಮೀಸೆ ತಿರುವಿದೆ, ಐದೇ ನಿಮಿಷದಲ್ಲಿ ಮತ್ತೆ ಠುಸ್. ಟಯರ್ ಒಳಗೆ ಬೆರಳಾಡಿಸಿ ನೋಡಿರಲಿಲ್ಲ, ಗಾಜು ಅಲ್ಲೇ ಇತ್ತು.

ಮನೆ ಆಫೀಸಿಗೆ ಎರಡು ಕಿಲೋಮೀಟರ್ ಇದ್ದರೆ ಏನೂ ಬೇಡ, ತಳ್ಳಿಕೊಂಡು ಬನ್ನಿ. ಐದು ದಾಟಿದರೆ ಮಾತ್ರ ಪ್ಯಾಚು, ಉಪ್ಪುಕಾಗದ, ಸೊಲ್ಯೂಷನ್, ಟಯರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಸಣ್ಣ ಪಂಪು ಜೊತೆಗಿರಲಿ. ಇಲ್ಲಿನ ಸಿಟಿ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಲು ಹೋಗಬೇಡಿ. ಚೈನ್ ಕವರ್, ಗೇರು, ಬ್ರೇಕು ಎಲ್ಲ ಸೇರಿ ಅಳಿಸುತ್ತವೆ. ಒಂದು ಬದಿ ಟಯರ್ ಎಬ್ಬಿಸಿ, ಟ್ಯೂಬ್ ಎಳೆದು, ಅಲ್ಲೇ ಪ್ಯಾಚ್ ಹಾಕಿ. ಪಂಪು ವಾಲ್ವಿಗೆ ಹೊಂದುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಇಲ್ಲಿನ ಎಷ್ಟೋ ಸೈಕಲ್ಲಿಗೆ ನಮ್ಮ ಹಳೇ ಸೈಕಲ್ಲಿನದೇ ವಾಲ್ವು. ಮೊದಲ ಸಲ ನೋಡಿದಾಗ ಊರಿನವರೇ ಸಿಕ್ಕಂತಾಯಿತು.

ನನ್ನ ಮಗಳು ಇದನ್ನೆಲ್ಲ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಹೋದ ರಜೆಯಲ್ಲಿ ಕಲಬುರಗಿಯಲ್ಲಿ ಅವಳ ಸೈಕಲ್ಲಿಗೆ ಮುಳ್ಳು ಚುಚ್ಚಿತು. "ಅಪ್ಪಾ, ನಮ್ಮ ಡಬ್ಬಿ ಎಲ್ಲಿ?" ಅಂದಳು. ಇರಲಿ ಬಾ ಅಂತ ಅಂಗಡಿಗೆ ಕರೆದೊಯ್ದೆ. ಕಾಕಾ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಹುಡುಕುತ್ತಲೇ ಕೇಳಿದರು, "ಯಾರ ಮಗಳವ್ವಾ ನೀ?"

ಅವಳು ನನ್ನ ಮುಖ ನೋಡಿದಳು. "ಹೆಸರು ಕೇಳದೆ ಅಪ್ಪನನ್ನು ಯಾಕೆ ಕೇಳುತ್ತಾರೆ?" ಅಂತ ಡಚ್ಚಿನಲ್ಲಿ ಪಿಸುಗುಟ್ಟಿದಳು. ನಾನು ನಮ್ಮಪ್ಪನ ಹೆಸರು ಹೇಳಿದೆ. ಕಾಕಾ ತಲೆಯೆತ್ತಿ, ಟ್ಯೂಬು ಕೆಳಗಿಟ್ಟು, ಚಹಾ ತರಿಸಿದರು.