ಸ್ನೇಹಪೂರ್ವಕ ಪಂದ್ಯಗಳಲ್ಲಿ ಕಿರಿಯರನ್ನು ಆಡಿಸುವ ಬಗೆ

ಮಳೆಗಾಲ ಮುಗಿದು ಶಿರಸಿಯ ಬಯಲು ಅಂಕಣಗಳ ಹಾವಸೆಯನ್ನು ಉಜ್ಜಿ ತೆಗೆದ ಮೇಲೆ, ಪಂದ್ಯಾವಳಿಗಳಿಗೆ ಮುನ್ನ ಕಾರವಾರ, ಕುಮಟಾ ಕಡೆಯ ತಂಡಗಳೊಡನೆ ಸ್ನೇಹಪೂರ್ವಕ ಬಾಸ್ಕೆಟ್‌ಬಾಲ್ ಪಂದ್ಯಗಳನ್ನು ಏರ್ಪಡಿಸುವವರು ಗೆಲುವಿನ ಲೆಕ್ಕವನ್ನು ಬದಿಗಿಟ್ಟು ನಿಮಿಷಗಳ ಲೆಕ್ಕ ಹಾಕುವುದು ಒಳ್ಳೆಯದು. ತಲಾ 10 ನಿಮಿಷಗಳ 4 ಕ್ವಾರ್ಟರ್‌ಗಳಲ್ಲಿ, ಏಕಕಾಲಕ್ಕೆ ಐವರಂತೆ, ಒಂದು ತಂಡಕ್ಕೆ 200 ನಿಮಿಷಗಳ ಆಟ ದೊರೆಯುತ್ತದೆ. 12 ಮಂದಿಗೆ ಸಮನಾಗಿ ಹಂಚಿದರೂ ಪ್ರತಿಯೊಬ್ಬರಿಗೆ 16 ನಿಮಿಷಕ್ಕಿಂತ ಹೆಚ್ಚೇ ಸಿಗುತ್ತದೆ.

ಆದರೆ ಐವರು ಕಿರಿಯರನ್ನು ಒಟ್ಟಿಗೇ ಇಳಿಸಬೇಡಿ. ಇಬ್ಬರು ಹೊಸಬರ ಜೊತೆ ಮೂವರು ಅನುಭವಿಗಳಿದ್ದರೆ, ಎದುರಾಳಿ ಮೈಮೇಲೆ ಬಂದಾಗ ಚೆಂಡನ್ನು ಯಾರಿಗೆ ದಾಟಿಸಬೇಕೆಂಬುದು ಹುಡುಗನಿಗೆ ಕಾಣುತ್ತದೆ. 8 ಸೆಕೆಂಡುಗಳೊಳಗೆ ಚೆಂಡನ್ನು ಮುಂದಿನ ಅರ್ಧಕ್ಕೆ ಒಯ್ಯುವ ಹೊಣೆಯನ್ನು ಒಮ್ಮೆ ಅವನಿಗೇ ಒಪ್ಪಿಸಿ. ಚೆಂಡು ಕೈತಪ್ಪಿದ ಮರುಕ್ಷಣವೇ ಅವನು ಕತ್ತು ತಿರುಗಿಸಿ ಬೆಂಚಿನತ್ತ ನೋಡುತ್ತಾನೆ. ಆಗ ಬದಲಿ ಆಟಗಾರನನ್ನು ಎಬ್ಬಿಸದೆ, ಓಡಿ ರಕ್ಷಣೆಗೆ ನಿಲ್ಲುವಂತೆ ಕೈಸನ್ನೆ ಮಾಡಿದರೆ ಸಾಕು. ನಾನು ಹಲವು ವರ್ಷ ಇದಕ್ಕೆ ವಿರುದ್ಧವಾಗಿ ನಡೆದುಕೊಂಡು, ಚೆಂಡು ಮುಟ್ಟಲೇ ಹೆದರುವ ಹುಡುಗರನ್ನು ತಯಾರು ಮಾಡಿದ್ದೇನೆ.

5 ಫೌಲ್‌ಗಳಾದವರೂ ಆಟ ಮುಂದುವರಿಸಬಹುದೆಂದು ಎದುರು ತಂಡದ ತರಬೇತುದಾರರೊಡನೆ ಮೊದಲೇ ಮಾತಾಡಿಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಬೆವರಿಗೆ ಚೆಂಡು ಜಾರುವುದರಿಂದ ಪ್ರತಿ ಕ್ವಾರ್ಟರ್‌ಗೂ ಒಣ ಟವೆಲ್, ಕುಡಿಯಲು ನೀರು ಇರಲಿ. ಅಂಕಗಳ ಬದಲು, ಗುರಿ ತಪ್ಪಿದ ಚೆಂಡಿಗಾಗಿ ಯಾರು ಎಷ್ಟು ಬಾರಿ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತರೆಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮರುದಿನದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.