ನಾವು ಓಡಿಸಿದ ಆನೆ ಎಲ್ಲಿಗೆ ಹೋಗುತ್ತಿತ್ತು?

ಕುಟ್ಟದಲ್ಲಿ ಮಾನಂದವಾಡಿ ರಸ್ತೆ ಹಿಡಿದರೆ ನಾಲ್ಕು ಮಾತಾಡುವಷ್ಟರಲ್ಲಿ ತೋಲ್ಪೆಟ್ಟಿ ಬರುತ್ತದೆ. ಈ ಕಡೆ ಕೊಡಗು, ಆ ಕಡೆ ವಯನಾಡು. ಈ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿ, ಈಗ ಮನೆಯ ಮೂರು ಎಕರೆ ಕಾಫಿ ನೋಡಿಕೊಂಡಿದ್ದೇನೆ. ನನ್ನ ತರಗತಿಯಲ್ಲಿ ಯರವ ಬುಡಕಟ್ಟಿನ ಮಕ್ಕಳು ಬಹಳ ಇರುತ್ತಿದ್ದರು. ಹಬ್ಬದ ಮರುದಿನ ಶಾಲೆಗೆ ಬಾರದವರನ್ನು ಕೇಳಿದರೆ ‘ತಿರುನೆಲ್ಲಿ ಅಜ್ಜಿ ಮನೆಗೆ ಹೋಗಿದ್ದೆ ಟೀಚರ್’ ಅನ್ನುತ್ತಿದ್ದರು. ತಿರುನೆಲ್ಲಿ ಇರುವುದು ವಯನಾಡಿನಲ್ಲಿ. ಇಲ್ಲಿ ಯರವರು ಎಂದು ಕರೆಸಿಕೊಳ್ಳುವವರೇ ಅಲ್ಲಿ ಅಡಿಯರು. ಮನೆಯೊಳಗೆ ಆಡುವ ಭಾಷೆ ಒಂದೇ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೂ ಮಲಬಾರಿನಲ್ಲಿದ್ದ ವಯನಾಡು ಕೇರಳಕ್ಕೂ ಸೇರಿದಾಗ ಕಚೇರಿ, ಶಾಲೆ, ಪಡಿತರ ಚೀಟಿ ಬೇರೆಯಾದವು. ಸಂಬಂಧ ಹಾಗೇ ಉಳಿಯಿತು.

2024ರ ಫೆಬ್ರವರಿ 10ರ ಬೆಳಿಗ್ಗೆ ಮಾನಂದವಾಡಿ ಹತ್ತಿರ ಒಬ್ಬರನ್ನು ಆನೆ ಕೊಂದಿತು. ಬೇಲೂರು ಕಡೆ ಹಿಡಿದು, ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದ ಆನೆ ಅದು. ಆ ವಾರ ತೋಲ್ಪೆಟ್ಟಿಯ ಅಂಗಡಿಗೆ ಹೋದಾಗ, ವರ್ಷಗಳಿಂದ ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಅಂಗಡಿಯವನು ‘ನಿಮ್ಮ ಆನೆ’ ಅಂದ. ಸಿಟ್ಟಿನಿಂದಲ್ಲ, ದುಃಖದಿಂದ. ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಮಾರ್ಚ್ 10ರಂದು ಎರಡೂ ರಾಜ್ಯಗಳ ಅರಣ್ಯ ಸಚಿವರು ಬಂಡೀಪುರದಲ್ಲಿ ಕೂತು, ಕಾಡುಪ್ರಾಣಿಗಳ ಹಾವಳಿಯನ್ನು ಜೊತೆಗೂಡಿ ಎದುರಿಸುವ ಒಪ್ಪಂದ ಮಾಡಿಕೊಂಡರು. ಆಗಬೇಕಾದ ಕೆಲಸವೇ. ಆದರೆ ಬೆಳಿಗ್ಗೆ ಆರೂವರೆಗೆ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವವರು ಎದುರುಬದುರು ಕೂತು ಮಾತಾಡುವುದು ಯಾವಾಗ ಎಂದು ನಾನು ಯೋಚಿಸತೊಡಗಿದೆ.

ಮೊದಲ ಸಭೆಯನ್ನು 2025ರ ಜನವರಿಯಲ್ಲಿ ಮಾಡಿದೆ. ಅದು ಪೂರ್ತಿ ಹಾಳಾಯಿತು, ತಪ್ಪು ನನ್ನದೇ. ಶಾಮಿಯಾನ, ಮೈಕ್, ವೇದಿಕೆ ಮೇಲೆ ಒಂಬತ್ತು ಕುರ್ಚಿ. ಎರಡೂ ಕಡೆಯ ಮುಖಂಡರನ್ನು, ಅಧಿಕಾರಿಗಳನ್ನು ಕರೆದಿದ್ದೆ. ಸ್ವಾಗತ, ಪ್ರಾಸ್ತಾವಿಕ, ಭಾಷಣ ಎಂದು ಮೂರು ಗಂಟೆ ಹೋಯಿತು. ಕಾಫಿ ಕೊಯ್ಲಿನ ಕಾಲ ಬೇರೆ. ಅರ್ಧ ದಿನದ ಕೂಲಿ ಬಿಟ್ಟು ಬಂದ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿದ್ದು, ಒಂದು ಮಾತೂ ಆಡದೆ ನಾಲ್ಕು ಗಂಟೆ ಬಸ್ಸಿಗೆ ಎದ್ದು ಹೋದರು. ಆನೆಯನ್ನು ಹತ್ತಿರದಿಂದ ಕಂಡವರು ಅವರೊಬ್ಬರೇ.

ಎರಡನೆಯದನ್ನು ಮೇ ತಿಂಗಳಿಗೆ ಇಟ್ಟುಕೊಂಡೆ. ಆಗ ಕೊಯ್ಲು ಮುಗಿದಿರುತ್ತದೆ, ಕಾಫಿ ಒಣಗಿಸುವ ಕಣ ಖಾಲಿ ಇರುತ್ತದೆ. ವೇದಿಕೆ, ಮೈಕ್ ಯಾವುದೂ ಬೇಡ ಎಂದು ನಮ್ಮ ಸಿಮೆಂಟ್ ಕಣದ ಸುತ್ತ ಟಾರ್ಪಾಲು ಹಾಸಿದೆ. ಆ ಕಡೆಯಿಂದ ಹದಿನಾಲ್ಕು ಜನ, ಈ ಕಡೆಯಿಂದ ಹದಿನೇಳು ಜನ ಬಂದರು. ಬಂದವರಿಗೆಲ್ಲ ಆ ದಿನದ ಕೂಲಿ ಕೊಟ್ಟೆವು. ಅದಕ್ಕಾಗಿ ನಾಲ್ಕು ತೋಟದವರು ಕೈ ಸೇರಿಸಿದರು. ದಿನಗೂಲಿಯವರನ್ನು ಮಾತಿಗೆ ಕರೆದು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಭಾಷೆಯ ಕೆಲಸವನ್ನು ಕುಟ್ಟದ ಒಬ್ಬ ಆಟೋ ಚಾಲಕನಿಗೆ ಒಪ್ಪಿಸಿದೆ. ಮಲಯಾಳ, ಕನ್ನಡ, ಕೊಡವ ತಕ್ಕ್, ಯರವ ಭಾಷೆ ನಾಲ್ಕೂ ಅವನ ಬಾಯಲ್ಲಿವೆ. ನಾನು ಹೇಳಿದ್ದು ಒಂದೇ ನಿಯಮ: ‘ಅವರು ಹೀಗೆ ಹೇಳ್ತಿದ್ದಾರೆ’ ಅನ್ನಬೇಡ, ‘ನಾನು’ ಅಂತಲೇ ಹೇಳು. ಒಬ್ಬರು ‘ನಾನು ಹೆದರಿದೆ’ ಅಂದರೆ ನೀನೂ ‘ನಾನು ಹೆದರಿದೆ’ ಅನ್ನು. ಅವನಿಗೆ ಮೊದಲು ಸಂಕೋಚವಾಯಿತು. ಹತ್ತು ನಿಮಿಷದಲ್ಲಿ ಹಿಡಿತ ಸಿಕ್ಕಿತು. ಕೇಳುವವರ ಮುಖವೇ ಬದಲಾಗಿದ್ದನ್ನು ನಾನು ಕಂಡೆ.

ನನ್ನ ಇನ್ನೊಂದು ನಿಯಮ ಮಾತ್ರ ಕೈಕೊಟ್ಟಿತು. ಪರಿಹಾರದ ಮೊತ್ತ ಎರಡು ರಾಜ್ಯಗಳಲ್ಲಿ ಬೇರೆ ಬೇರೆ, ಅದನ್ನು ಎತ್ತಿದರೆ ಮಾತು ಜಗಳಕ್ಕೆ ತಿರುಗುತ್ತದೆ, ಹಾಗಾಗಿ ಮೊದಲ ಗಂಟೆ ಅದು ಬೇಡ ಎಂದಿದ್ದೆ. ಆ ಕಡೆಯ ಒಬ್ಬರು ಎದ್ದು ‘ಪರಿಹಾರ’ ಎಂದು ಶುರು ಮಾಡುತ್ತಿದ್ದಂತೆ ತಡೆದೆ. ಅವರು ಸುಮ್ಮನೆ ಕೂತರು. ಆಟೋ ಹುಡುಗ ನನ್ನ ಬಳಿ ಬಂದು ‘ಟೀಚರೇ, ಅವರು ದುಡ್ಡಿನ ವಿಷಯ ಹೇಳೋಕೆ ಎದ್ದದ್ದಲ್ಲ, ಅಣ್ಣನ ವಿಷಯ ಹೇಳೋಕೆ’ ಅಂದ. ಅವರ ಅಣ್ಣನನ್ನು ಆನೆ ಕೊಂದಿತ್ತು. ನಾನು ಹೋಗಿ ಕೈ ಹಿಡಿದು ತಪ್ಪಾಯಿತು ಎಂದೆ. ಆಮೇಲೆ ಅವರು ಇಪ್ಪತ್ತು ನಿಮಿಷ ಮಾತಾಡಿದರು. ಯಾರೂ ಅಲುಗಲಿಲ್ಲ.

ಊಟದ ನಂತರ ಸೀಮೆಸುಣ್ಣ ತೆಗೆದುಕೊಂಡು ಕಣದ ಮೇಲೆ ನಕ್ಷೆ ಬರೆದೆ. ಕುಟ್ಟ, ಇರ್ಪು, ನಾಣಚ್ಚಿ, ತೋಲ್ಪೆಟ್ಟಿ, ಕಾಟ್ಟಿಕುಳಂ. ರಸ್ತೆ, ತೋಡು ಎನ್ನುವ ಸಣ್ಣ ಹಳ್ಳ, ಗದ್ದೆ, ನಾಗರಹೊಳೆ ಕಾಡಿನ ಅಂಚು. ರಾಜ್ಯದ ಗಡಿ ಬರೆಯಲಿಲ್ಲ. ಹಲಸಿನ ಕಾಲ, ಅಡುಗೆಮನೆಯಲ್ಲಿ ಬುಟ್ಟಿ ತುಂಬ ಬೀಜ ಇತ್ತು. ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟು, ಈ ಒಂದು ವರ್ಷದಲ್ಲಿ ಆನೆ ಎದುರಾದ ಜಾಗದಲ್ಲೆಲ್ಲ ಒಂದೊಂದು ಇಡಿ ಎಂದೆ. ಮೊದಮೊದಲು ನಿಂತು ನೋಡುತ್ತಿದ್ದವರು ಆಮೇಲೆ ಮಂಡಿಯೂರಿ ಕೂತರು. ‘ಅಲ್ಲಲ್ಲ, ಆ ಮರ ತೋಡಿನಿಂದ ಮೇಲೆ’ ಎಂದು ಒಬ್ಬರು ಇಟ್ಟ ಬೀಜವನ್ನು ಇನ್ನೊಬ್ಬರು ಸರಿಸಿದರು. ಒಂದೇ ತಿರುವಿಗೆ ಎರಡು ಹೆಸರು ಇರುವುದು ಆಗ ಗೊತ್ತಾಯಿತು. ಅರ್ಧ ಗಂಟೆ ಕಳೆದು ಎದ್ದು ನಿಂತು ನೋಡಿದರೆ, ಈ ಕಡೆಯವರು ಇಟ್ಟ ಬೀಜದ ಸಾಲು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಆ ಕಡೆಯವರ ಸಾಲು ಶುರುವಾಗಿತ್ತು. ಒಂದೇ ದಾರಿ.

ಆಗ ಅಡಿಯರ ಒಬ್ಬ ಅಜ್ಜಿ ಆ ಸಾಲಿನ ನಡುವೆ ಬೆರಳಿಟ್ಟು ಹೇಳಿದರು: ‘ನೀವು ಪಟಾಕಿ ಹೊಡೆದ ರಾತ್ರಿ ನಮಗೆ ಸದ್ದು ಕೇಳುತ್ತೆ. ಅವತ್ತು ನಮ್ಮ ಬಾಳೆ ಉಳಿಯಲ್ಲ.’ ನಮ್ಮ ಕಡೆಯ ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮಗೂ ನಿಮ್ಮ ಪಟಾಕಿ ಕೇಳುತ್ತೆ ಅಜ್ಜಿ’ ಅಂದರು. ಇಷ್ಟು ವರ್ಷ ಆನೆ ಓಡಿಸಿದೆವು ಎಂದು ನೆಮ್ಮದಿಯಿಂದ ಮಲಗುತ್ತಿದ್ದೆವು. ಎಲ್ಲಿಗೆ ಓಡಿಸಿದೆವು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. 2023ರ ಮೇನಲ್ಲಿ ದಕ್ಷಿಣದ ರಾಜ್ಯಗಳು ಒಟ್ಟಿಗೆ ಆನೆ ಗಣತಿ ಮಾಡಿದ್ದು, ಗಡಿ ದಾಟುವ ಆನೆ ಎರಡು ಕಡೆ ಲೆಕ್ಕಕ್ಕೆ ಬರಬಾರದು ಎಂದೇ. ಕರ್ನಾಟಕದ ಪಾಲಿಗೆ 6,395 ಎಂದು ಅಂದಾಜು ಬಂತು. ಲೆಕ್ಕಕ್ಕೆ ಇದ್ದ ಆ ಹೊಂದಾಣಿಕೆ ನಮ್ಮ ಪಟಾಕಿಗೆ ಇರಲಿಲ್ಲ.

ಅಂದೇ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಬರೆಯುವುದು ಬೇಡ, ಬಾಯಲ್ಲಿ ಹೇಳಿ ಕಳಿಸುವುದು ಎಂದು ಮಾತಾಯಿತು. ಮಲಯಾಳ ಓದುವವರಿಗೆ ಕನ್ನಡ ಬಾರದು, ಎರಡೂ ಓದಲು ಬಾರದವರೂ ಇದ್ದಾರೆ. ಗಂಟೆ ಎಷ್ಟು, ಯಾವ ಜಾಗ, ಎಷ್ಟು ಆನೆ, ಮುಖ ಎತ್ತ ಕಡೆ, ಇಷ್ಟೇ ಹೇಳಬೇಕು. ಫೋಟೋ ಬೇಡ. ಆ ಕಡೆಗೆ ತಿಳಿಸದೆ ಪಟಾಕಿ ಬೇಡ.

ಮೂರನೇ ವಾರದಲ್ಲೇ ಎಡವಿದೆವು. ಆ ಕಡೆಯವರೊಬ್ಬರು ‘ರಾವಿಲೆ’ ಆನೆ ಬಂತು ಎಂದು ಕಳಿಸಿದರು. ಹುಣಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಮೇಸ್ತ್ರಿ ಅದನ್ನು ರಾತ್ರಿ ಎಂದು ತಿಳಿದು, ಆನೆ ಹೋಗಿಯಾಗಿದೆ ಎಂದು ಆಳುಗಳನ್ನು ಕೆಲಸಕ್ಕೆ ಕಳಿಸಿಬಿಟ್ಟ. ಮಲಯಾಳದಲ್ಲಿ ರಾವಿಲೆ ಅಂದರೆ ಬೆಳಿಗ್ಗೆ. ಆನೆ ಇನ್ನೂ ಅಲ್ಲೇ ಇತ್ತು. ಮುಂದೆ ನಡೆಯುತ್ತಿದ್ದ ಹೆಂಗಸಿಗೆ ಬಿಸಿ ಲದ್ದಿ ಕಂಡಿದ್ದರಿಂದ ಎಲ್ಲರೂ ಹಿಂದೆ ತಿರುಗಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ರಾತ್ರಿ, ಬೆಳಿಗ್ಗೆ ಎನ್ನುವುದನ್ನು ಬಿಟ್ಟು ಗಡಿಯಾರದ ಗಂಟೆಯನ್ನೇ ಹೇಳುತ್ತೇವೆ. ತೋಟಗಳಲ್ಲಿ ಅಸ್ಸಾಮಿನವರೂ ಇದ್ದಾರೆ, ಅವರಿಗಾಗಿ ಒಬ್ಬ ಹುಡುಗ ಅದನ್ನೇ ಹಿಂದಿಯಲ್ಲಿ ಹೇಳುತ್ತಾನೆ.

ಸಿಗ್ನಲ್ ಸಿಗದ ಕಡೆಗೆ ಏನು ಮಾಡುವುದು? ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಇದ್ದರೆ ಕೆಂಪು ದೀಪ ಉರಿಸುವ ಏರ್ಪಾಡು ಇದೆ. ಮೊಬೈಲಿನಿಂದಲೇ ಆ ದೀಪ ಹಚ್ಚುತ್ತಾರೆ. ನಮ್ಮ ಕೈಗೆ ಅಷ್ಟು ಎಟುಕುವುದಿಲ್ಲ. ತೋಟದ ಆಳುಗಳು ಇರುವ ಲೈನ್ ಮನೆಗೆ ತಿರುಗುವ ದಾರಿಯ ಎರಡು ಅಂಗಡಿಗಳ ಮುಂದೆ ಕೆಂಪು ಬಲ್ಬ್ ಹಾಕಿಸಿದೆವು. ಸುದ್ದಿ ಬಂದರೆ ಅಂಗಡಿಯವರು ಸ್ವಿಚ್ ಒತ್ತುತ್ತಾರೆ, ಕರೆಂಟು ಇಲ್ಲದ ದಿನ ಕೆಂಪು ಬಟ್ಟೆ ಕಟ್ಟುತ್ತಾರೆ. ಅದರಲ್ಲಿ ಒಂದು ಅಂಗಡಿ, ‘ನಿಮ್ಮ ಆನೆ’ ಅಂದವನದು.

ಆನೆ ಬರುವುದು ನಿಂತಿಲ್ಲ, ಬೆಳೆ ಹೋಗುವುದೂ ನಿಂತಿಲ್ಲ. ರೈಲ್ವೆ ಕಂಬಿಯ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವು ದಾಟುತ್ತವೆ. ಬೇಲಿ ಪೂರ್ತಿ ಮಾಡುವುದು ಸರಕಾರಗಳು ಮಾಡಬೇಕಾದ ಕೆಲಸ, ಅದಕ್ಕಾಗಿ ಎರಡೂ ಕಡೆಯವರು ಒಂದೇ ಅರ್ಜಿಯನ್ನು ಎರಡು ಭಾಷೆಯಲ್ಲಿ ಬರೆದು ಕೊಟ್ಟಿದ್ದೇವೆ.

ಕಳೆದ ಬಾರಿ ಕೂತಾಗ ಮಾತು ಮಳೆಗೆ ಹೊರಳಿತು. ಮಳೆ ಅಂದರೆ ಎರಡೂ ಕಡೆ ಗುಡ್ಡ ಕುಸಿದ ನೆನಪು. ನಮಗೆ 2018ರ ಆಗಸ್ಟ್, ಮಕ್ಕಂದೂರು, ಜೋಡುಪಾಲ. ಅವರಿಗೆ 2024ರ ಜುಲೈ 30, ಮುಂಡಕ್ಕೈ, ಚೂರಲ್‌ಮಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೆಯ ರೂಢಿ. ನಮ್ಮದು ಇಂಚು, ಸೆಂಟಿನ ಲೆಕ್ಕ, ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಅವರದು ಮಿಲಿಮೀಟರ್. ‘ನಿನ್ನೆ ಐದು ಬಂತು’ ಎಂದು ನಾವು ಅಂದರೆ ಅವರಿಗೆ ಅದು ತುಂತುರು. ಅದಕ್ಕೆ ನೂರು ಪುಟದ ಪುಸ್ತಕಗಳಿಗೆ ಗೆರೆ ಹಾಕಿ, ಇಂಚಿಗೆ ಒಂದು, 25.4ರಿಂದ ಗುಣಿಸಿದ ಮಿಲಿಮೀಟರಿಗೆ ಒಂದು ಎಂದು ಎರಡು ಅಂಕಣ ಮಾಡಿದ್ದೇನೆ. ಹನ್ನೊಂದು ಪುಸ್ತಕ ಆಗಿವೆ, ಆರು ಆ ಕಡೆಗೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯುವುದು ಎಂದು ಮಾತಾಗಿದೆ.