ಮೆಣಸಿನ ಬುಡದ ಮಣ್ಣಲ್ಲಿ ಸೊರಗು ರೋಗದ ಫೈಟಾಫ್ತೊರಾ ಪತ್ತೆ ಹಚ್ಚುವ ಬಗೆ

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಡಗಿನ ತೋಟದ ಕರಿಮೆಣಸಿನ ಬಳ್ಳಿ ಎಲೆ ಉದುರಿಸಿ ಸೊರಗಿದರೆ ಮೊದಲ ಅನುಮಾನ ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ರೋಗಾಣುವಿನ ಮೇಲೆ. ಆದರೆ ಕೊಳೆತ ಬೇರನ್ನು ನೇರವಾಗಿ ಅಗರ್ (ಸೂಕ್ಷ್ಮಾಣು ಬೆಳೆಸುವ ಲೋಳೆಯಂಥ ಆಹಾರ) ಮೇಲಿಟ್ಟರೆ ಎದ್ದು ಬರುವುದು ಹೆಚ್ಚಾಗಿ ಫ್ಯುಸೇರಿಯಂ, ಪಿಥಿಯಂ ಎಂಬ ಬೇರೆ ಸೂಕ್ಷ್ಮಾಣುಗಳು. ಇವು ಸತ್ತ ಬೇರಿಗೆ ಆಮೇಲೆ ಬಂದು ಸೇರಿದವೂ ಇರಬಹುದು. ಅದಕ್ಕೇ ಎಲೆಯನ್ನು ಎರೆಯಾಗಿ, ಅಂದರೆ ಮಣ್ಣಿನ ರೋಗಾಣುವನ್ನು ಸೆಳೆಯುವ ಆಮಿಷವಾಗಿ, ಬಳಸುವ ವಿಧಾನ ವಾಸಿ.

ಪೂರ್ತಿ ಒಣಗಿದ ಬಳ್ಳಿ ಬೇಡ. ಹಳದಿಗೆ ತಿರುಗುತ್ತಿರುವ ಬಳ್ಳಿ, ಅದರ ಪಕ್ಕದ ಹಸಿರು ಬಳ್ಳಿ, ಎರಡರ ಬುಡದಲ್ಲೂ ತರಗೆಲೆ ಸರಿಸಿ, 5ರಿಂದ 15 ಸೆಂ.ಮೀ. ಆಳದ ಮಣ್ಣನ್ನು ಸಣ್ಣ ಬೇರು ಸಮೇತ ನಾಲ್ಕೂ ದಿಕ್ಕಿನಿಂದ ತೆಗೆಯಿರಿ. 250 ಗ್ರಾಂ ಸಾಕು. ಬೋರ್ಡೋ ದ್ರಾವಣ ಅಥವಾ ಮೆಟಾಲಾಕ್ಸಿಲ್ ಹಾಕುವ ಮೊದಲೇ ತೆಗೆಯಬೇಕು. ಔಷಧಿ ಬಿದ್ದ ಮಣ್ಣಿನಲ್ಲಿ ರೋಗಾಣು ಬದುಕಿದ್ದರೂ ಎರೆಗೆ ಬಾರದೆ ಹೋಗಬಹುದು. ಪ್ಲಾಸ್ಟಿಕ್ ಕವರಿನಲ್ಲಿ, ನೆರಳಲ್ಲಿಡಿ. ಒಣಗಿಸಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಎರಡು ದಿನದೊಳಗೆ ಪರೀಕ್ಷೆಗೆ ಹಾಕಿ.

ಲೋಟದಲ್ಲಿ 50 ಗ್ರಾಂ ಮಣ್ಣು ಹಾಕಿ, ಅದರ ಮೇಲೆ 2-3 ಸೆಂ.ಮೀ. ನಿಲ್ಲುವಷ್ಟು ನೀರು ಹುಯ್ಯಿರಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಫೈಟಾಫ್ತೊರಾದ ಈಜುವ ಬೀಜಾಣುಗಳನ್ನು ಕೊಲ್ಲುತ್ತದೆ. ಭಟ್ಟಿ ಇಳಿಸಿದ ನೀರು ಒಳ್ಳೆಯದು. ತಾಮ್ರದ ಪಾತ್ರೆಯಂತೂ ಬೇಡವೇ ಬೇಡ. ತೇಲುವ ಕಸ ತೆಗೆದು, ಔಷಧಿ ಕಾಣದ ಬಳ್ಳಿಯ ಎಳೆಯ ಎಲೆಯಿಂದ 1 ಸೆಂ.ಮೀ. ಬಿಲ್ಲೆ ಕತ್ತರಿಸಿ, ಹತ್ತು ಬಿಲ್ಲೆ ತೇಲಿಬಿಡಿ. ಹೋಲಿಕೆಗೆ ಅದೇ ಮಣ್ಣನ್ನು ಕುಕ್ಕರಿನಲ್ಲಿ ಬೇಯಿಸಿ, ಇನ್ನೊಂದು ಲೋಟದಲ್ಲಿ ಹೀಗೆಯೇ ಬಿಲ್ಲೆ ತೇಲಿಬಿಡಿ. ಅಲ್ಲೂ ಬಿಲ್ಲೆ ಕಪ್ಪಾದರೆ ದೋಷ ಎಲೆಯದ್ದೋ ನೀರಿನದ್ದೋ, ಆ ಸಲದ ಫಲಿತಾಂಶ ಬಿಟ್ಟುಬಿಡಿ. 22ರಿಂದ 26 ಡಿಗ್ರಿಯಲ್ಲಿ 48ರಿಂದ 72 ಗಂಟೆ ಬಿಟ್ಟರೆ ಅಂಚಿನಿಂದ ನೀರು ಕುಡಿದಂಥ ಕಪ್ಪು ಮಚ್ಚೆ ಹರಡುತ್ತದೆ.

ಮಚ್ಚೆಯ ಬಿಲ್ಲೆಯನ್ನು ತೊಳೆದು ಸೋಸುಕಾಗದದಲ್ಲಿ ಒತ್ತಿ ಒಣಗಿಸಿ. ಬ್ಲೀಚಿಂಗ್ ನೀರು, ಸ್ಪಿರಿಟ್ ತಾಗಿಸಿದರೆ ಫೈಟಾಫ್ತೊರಾ ಮೊದಲು ಸಾಯುತ್ತದೆ. ಒಂದು ಅರ್ಧವನ್ನು ಕಾರ್ನ್‌ಮೀಲ್ ಅಗರ್ ಮೇಲಿಡಿ. ಬೇರೆ ಶಿಲೀಂಧ್ರ, ಬ್ಯಾಕ್ಟೀರಿಯಾ ತಡೆಯಲು ಅದಕ್ಕೆ ಬೆರೆಸುವ ಔಷಧಿಗಳು: ಲೀಟರಿಗೆ ಪಿಮಾರಿಸಿನ್ 10, ಆಂಪಿಸಿಲಿನ್ 250, ರಿಫಾಂಪಿಸಿನ್ 10, ಪಿಸಿಎನ್‌ಬಿ 100 ಮಿ.ಗ್ರಾಂ, ಪಿಥಿಯಂ ಕಾಟವಿದ್ದರೆ ಹೈಮೆಕ್ಸಾಜೋಲ್ 50 ಮಿ.ಗ್ರಾಂ. ಇವನ್ನೆಲ್ಲ ಅಗರ್ ಕುದಿಸಿ 50 ಡಿಗ್ರಿಗೆ ತಣಿದ ಮೇಲೆಯೇ ಬೆರೆಸಬೇಕು. ಪಿಮಾರಿಸಿನ್ ಬೆಳಕಿಗೆ ಹಾಳಾಗುವುದರಿಂದ ತಟ್ಟೆಗಳನ್ನು ಕತ್ತಲಲ್ಲಿಡಿ.

ಇನ್ನರ್ಧ ನೀರಿನಲ್ಲಿ, ಬೆಳಕಿನಲ್ಲಿ ಒಂದೆರಡು ದಿನ ಇರಲಿ. ಸೂಕ್ಷ್ಮದರ್ಶಕದಲ್ಲಿ ಅಡ್ಡಗೋಡೆ ಇಲ್ಲದ ಎಳೆ, ತುದಿಯಲ್ಲಿ ಮೊಲೆತೊಟ್ಟಿನಂತೆ ಉಬ್ಬಿದ ನಿಂಬೆಯಾಕಾರದ ಬೀಜಾಣುಕೋಶ ಹುಡುಕಿ. ಅಡ್ಡಗೋಡೆ, ಕುಡುಗೋಲಿನಾಕಾರದ ಬೀಜಾಣು ಕಂಡರೆ ಅದು ಫ್ಯುಸೇರಿಯಂ. ಪಿಥಿಯಂ ಗೊಂದಲ ಬಿಡಿಸಲು ಆ ನೀರನ್ನು 4 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಹೊರಗೆ ತೆಗೆಯಿರಿ. ಗಂಟೆಯೊಳಗೆ ಕೋಶದ ಒಳಗೇ ರೂಪುಗೊಂಡ ಬೀಜಾಣುಗಳು ತುದಿಯಿಂದ ಈಜಿ ಹೊರಬಂದರೆ ಫೈಟಾಫ್ತೊರಾ. ಮೊದಲು ಹೊರಗೊಂದು ಗುಳ್ಳೆ ಮೂಡಿ, ಬೀಜಾಣು ಅದರಲ್ಲಿ ರೂಪುಗೊಂಡರೆ ಪಿಥಿಯಂ.

ಬಿಲ್ಲೆ ಹಸಿರಾಗಿಯೇ ಉಳಿದರೆ ಅದೇ ಮಣ್ಣಿಗೆ ಹೊಸ ಬಿಲ್ಲೆ ಹಾಕಿ ಇನ್ನೊಮ್ಮೆ ನೋಡಿ. ಒಂದು ಸಲ ಸಿಗದಿದ್ದರೆ ತೋಟ ಶುದ್ಧ ಎಂದು ಬರೆಯಬೇಡಿ. ಲೋಟದ ನೀರನ್ನೂ ಮಣ್ಣನ್ನೂ ಕುದಿಸಿಯೇ ಚೆಲ್ಲಿ, ತೋಟದ ಕಡೆಗಂತೂ ಅಲ್ಲ.